ಹಮ್ಮಣ್ಣ ಹಡಗಿನಲ್ಲಿ ಕೋಣೆ ಹಿಡಿದದ್ದು

ಬೊಂಬಾಯಿ ಹಡಗಿನ ಕಪ್ತಾನ ನನ್ನನ್ನು ಕೇಳದೆ ಒಂದು ದಿನವೂ ಹೊರಡುವ ಭೋಂಗಾ ಊದಿದವನಲ್ಲ. ಹಡಗು ನಮ್ಮ ಅಳಿವೆಕೇರಿಯ ಎದುರು ನಡುನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು. ನಾನು ದೋಣಿಯಲ್ಲಿ ಜನರನ್ನು ಒಯ್ದು ಹತ್ತಿಸಿ, ಹೆಗಲ ಮೇಲಿನ ಪಂಚೆ ತೆಗೆದು ಬೀಸಬೇಕು, ಆಮೇಲೇ ಅವನು ಊದಬೇಕು. ಒಂದು ಸಲ ಎಲೆಯಡಿಕೆಯ ಕವಳ ಹಾಕುತ್ತಾ ಕೂತು ಪಂಚೆ ಬೀಸುವುದನ್ನೇ ಮರೆತೆ. ಹಡಗು ಹೊತ್ತು ಇಳಿಯುವವರೆಗೂ ಅಲ್ಲೇ ನಿಂತಿತ್ತು, ಕಾರವಾರದಲ್ಲಿ ಜನ ಕಾದು ಕಾದು ಮನೆಗೆ ಹೋದರು. ನಂಬಿಕೆಯಿಲ್ಲದಿದ್ದರೆ ಕಪ್ತಾನನನ್ನು ಕೇಳಿ. ಅವನು ಸತ್ತುಹೋದ, ಅದು ನನ್ನ ತಪ್ಪಲ್ಲ. ಹಡಗನ್ನು ಕೇಳೋಣವೆಂದರೆ ಅದನ್ನೂ ಒಡೆದು ಗುಜರಿಗೆ ಹಾಕಿದ್ದಾರೆ. ಏ ಸೋಮಿ, ನಗಬೇಡ, ಬಲೆ ಹೆಣೆಯುವುದನ್ನು ನೋಡು. ಕತೆ ನನ್ನದಲ್ಲ, ಹಮ್ಮಣ್ಣನದು.

ಆಗ ಈ ಕೇರಿಯಲ್ಲಿ ಬುದವಂತಿ ಅಂತ ಒಬ್ಬಳಿದ್ದಳು. ಮೀನು ಒಣಗಿಸಿ ಮಾರುವವಳು. ಗಂಡ ಸಮುದ್ರಕ್ಕೆ ಹೋದವನು ಸಮುದ್ರದಲ್ಲೇ ಉಳಿದ. ಮನೆಯಲ್ಲಿ ಉಳಿದವನು ಒಬ್ಬ ಮಗ, ಹಮ್ಮಣ್ಣ. ಆಳು ನೋಡಿದರೆ ಹಾಯಿಕಂಬ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಡಿಮೆಯಿಲ್ಲ.

“ಮೀನಿನ ಮೇಲೆ ಕಾಗೆ ಕೂರಗೊಡಬೇಡ ಮಗಾ” ಎಂದು ಹೇಳಿ ತಾಯಿ ಪೇಟೆಗೆ ಹೋದಳು. ಬಂದು ನೋಡಿದರೆ ಚಾಪೆಯ ಮೇಲೆ ಮುಳ್ಳು ಮಾತ್ರ.

“ಕಾಗೆ ಕೂರಗೊಡಬೇಡ ಅಂದಿದ್ದೆನಲ್ಲೋ.”

“ಕೂರಲಿಲ್ಲ ಅವ್ವಿ. ನಿಂತುಕೊಂಡೇ ತಿಂದವು.”

ತಾಯಿ ಹಣೆ ಹಣೆ ಬಡಿದುಕೊಂಡಳು. ಬಡಿದುಕೊಂಡು ಅನ್ನ ಬಡಿಸಿದಳು. ಹೀಗೇ ನಡೆದಿತ್ತು.

ಆದರೆ ಆ ವರ್ಷ ಬುದವಂತಿಯ ಎದೆಯಲ್ಲಿ ಕೆಮ್ಮು ಕೂತಿತು. ಪಂಡಿತರು ನಾಡಿ ಹಿಡಿದು ನೋಡಿದರು. ಮಳೆಗಾಲ ದಾಟುವುದಿಲ್ಲ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ, ಅವಳಿಗೆ ತಿಳಿಯಿತು. ತನ್ನ ಸಾವಿಗೆ ಅವಳು ಹೆದರಲಿಲ್ಲ. ನಾಳೆ ಇವನಿಗೆ ಹೇಳುವವರು ಯಾರು? ಉಣ್ಣು ಎಂದು ಯಾರೂ ಹೇಳದಿದ್ದರೆ ಇವನು ಉಣ್ಣುವವನಲ್ಲ.

ಬೊಂಬಾಯಿಯಲ್ಲಿ ಅವಳ ತಮ್ಮ ತುಳಸು ಖಾನಾವಳಿಯೊಂದರಲ್ಲಿ ಅಡಿಗೆಗೆ ಇದ್ದ. ಊರಿನವರ ಕೈಯಲ್ಲಿ ಹೇಳಿ ಕಳಿಸಿದ್ದ: “ಅಕ್ಕಾ, ಹಡಗಿನ ಏಜೆಂಟ್ ಕಿಣಿಯವರಿಗೆ ಹಣವೆಲ್ಲ ಮುಟ್ಟಿಸಿದ್ದೇನೆ. ಹುಡುಗ ಒಬ್ಬನೇ ಹೋಗಿ ತನ್ನ ಹೆಸರು ಹೇಳಿ ಒಂದು ಕೋಣೆ ಹಿಡಿಯಲಿ. ಅಷ್ಟು ತಿಳಿವಳಿಕೆಯಿದ್ದರೆ ನಮ್ಮ ಯಜಮಾನರು ಇಟ್ಟುಕೊಳ್ಳುತ್ತಾರಂತೆ. ಅಷ್ಟೂ ಇಲ್ಲದಿದ್ದರೆ ಕಳಿಸಬೇಡ.”

ಪಕ್ಕದ ಮನೆಯ ಮಾದೇವಿ ಕೇಳಿದಳು, “ನಮ್ಮಂಥವರಿಗೆ ಕೋಣೆ ಯಾಕೆ ಅತ್ತಿಗೆ? ಊರಿಗೆ ಊರೇ ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು ಹೋಗುವುದಿಲ್ಲವೇ?”

“ಡೆಕ್ಕಿನ ಮೇಲೆ ಯಾರಾದರೂ ಸ್ವಲ್ಪ ಆಚೆ ಸರಿ ಅಂದರೆ ಇವನು ಸಮುದ್ರದವರೆಗೂ ಸರಿಯುತ್ತಾನೆ, ಮಾದೇವೀ. ಕೋಣೆಗಾದರೆ ಬಾಗಿಲಿದೆ. ಒಳಗಿಂದ ಚಿಲಕ ಹಾಕಿಕೊಂಡರೆ ಬೊಂಬಾಯಿಯವರೆಗೆ ಇವನಿಗೆ ಏನೂ ಹೇಳುವವರಿರುವುದಿಲ್ಲ.”

ಮಳೆ ಹಿಡಿದರೆ ಹಡಗು ನಿಲ್ಲುತ್ತದೆ. ಅಷ್ಟರೊಳಗೆ ಅವನು ಹೋಗಬೇಕು. ಬುದವಂತಿ ಮಗನ ತಲೆ ಬಾಚಿ, ಅಂಗಿ ತೊಡಿಸಿ, ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು: “ಕಿಣಿ ಒಡೆಯರ ಎದುರು ನಿಂತುಕೋ. ‘ಒಬ್ಬನಿಗೆ ಒಂದು ಕೋಣೆ’ ಅನ್ನು. ಬೇರೆ ಮಾತು ಆಡಬೇಡ.”

ಹೋದ. ನಿಂತುಕೊಂಡ. “ಒಬ್ಬನಿಗೆ ಒಂದು ಕೋಣೆ.”

“ಯಾವ ಊರಿಗೆ?” ಅಂದರು ಕಿಣಿಯವರು.

“ಒಬ್ಬನಿಗೆ ಒಂದು ಕೋಣೆ.”

“ಹೆಸರೇನೋ?”

“ಒಬ್ಬನಿಗೆ ಒಂದು ಕೋಣೆ.”

“ನಿನಗೇನು ತಲೆ ಕೆಟ್ಟಿದೆಯೋ?”

“ಒಬ್ಬನಿಗೆ ಒಂದು ಕೋಣೆ.”

ಕಿಣಿಯವರು ಕೊಡೆ ಎತ್ತಿದರು. ಹಮ್ಮಣ್ಣ ಮನೆಗೆ ಬಂದ.

“ಅಯ್ಯೋ ನನ್ನ ಹಣೆಬರಹವೇ” ಎಂದಳು ತಾಯಿ. “ಕೇಳಿದ್ದಕ್ಕೆ ಉತ್ತರ ಕೊಡಬೇಕೋ. ನಿನಗೆ ತಿಳಿಯದಿದ್ದರೆ ಮುಂದೆ ನಿಂತವನು ಏನು ಹೇಳುತ್ತಾನೆ, ಕಿವಿಗೊಟ್ಟು ಕೇಳು. ಹಾಗೇ ಹೇಳು.”

“ಹೂಂ ಅವ್ವಿ.”

ಮುಂದಿನ ಹಡಗಿನ ಹೊತ್ತಿಗೆ ಮತ್ತೆ ಹೋದ. ಮುಂದೆ ಘಟ್ಟದ ಮೇಲಿನ ಬೆಲ್ಲದ ಸಾಹುಕಾರನೊಬ್ಬ ನಿಂತಿದ್ದ, ಹುರಿಮೀಸೆಯವನು. ಹಮ್ಮಣ್ಣ ಅವನ ಬೆನ್ನಿಗೇ ಕಿವಿ ಹಚ್ಚಿ ನಿಂತ. ಸಾಹುಕಾರ ಹೇಳಿದ, “ಚನ್ನಬಸಪ್ಪ. ಬೊಂಬಾಯಿ. ನಾನು, ನನ್ನ ಹೆಂಡತಿ ಗುರಸಿದ್ದಮ್ಮ.”

ಹಮ್ಮಣ್ಣನ ಸರದಿ ಬಂತು.

“ಹೆಸರು?”

“ಚನ್ನಬಸಪ್ಪ.”

“ಯಾವ ಊರಿಗೆ?”

“ಬೊಂಬಾಯಿ.”

“ಜೊತೆಗೆ ಯಾರು?”

“ನನ್ನ ಹೆಂಡತಿ ಗುರಸಿದ್ದಮ್ಮ.”

ಸಾಹುಕಾರ ಇನ್ನೂ ಮೆಟ್ಟಿಲು ಇಳಿದಿರಲಿಲ್ಲ. ತಿರುಗಿದ. “ಯಾರ ಹೆಂಡತಿ ಅಂದೆ?”

“ನನ್ನ ಹೆಂಡತಿ ಗುರಸಿದ್ದಮ್ಮ” ಎಂದು ಹಮ್ಮಣ್ಣ ಅವನಿಗೂ ಹೇಳಿದ. ಕೇಳಿದ್ದಕ್ಕೆ ಉತ್ತರ ಕೊಡಬೇಕಲ್ಲ.

ಮನೆಗೆ ಬಂದಾಗ ಕೆನ್ನೆ ಸೋರೆಕಾಯಿಯಾಗಿತ್ತು. ಬುದವಂತಿ ಅರಿಶಿನ ಬಿಸಿ ಮಾಡಿ ಹಚ್ಚಿದಳು. ಹಚ್ಚುತ್ತಾ ಬೈದಳು, ಬೈಯುತ್ತಾ ಕೆಮ್ಮಿದಳು.

“ಇನ್ನೊಬ್ಬರದ್ದನ್ನು ನಿನ್ನದು ಅನ್ನುತ್ತಾರೇನೋ ಮಂಕೇ? ಕೇಳಿದರೆ, ‘ನನಗೆ ಯಾರೂ ಇಲ್ಲ ಒಡೆಯಾ, ನಾನೊಬ್ಬನೇ’ ಅನ್ನು.”

“ಹೂಂ ಅವ್ವಿ. ನನಗೆ ಯಾರೂ ಇಲ್ಲ.”

ದಾರಿಯಲ್ಲೆಲ್ಲ ಮರೆಯದ ಹಾಗೆ ಅದನ್ನೇ ಹೇಳಿಕೊಂಡು ಹೋದ. ಕ್ಷೌರದ ಅಂಗಡಿಯ ಮುಂದೆ ಹೇಳಿದ, ಬಾವಿಕಟ್ಟೆಯ ಹೆಂಗಸರ ಮುಂದೆ ಹೇಳಿದ, ಕಿಣಿಯವರ ಮುಂದೆಯೂ ಹೇಳಿದ. “ನನಗೆ ಯಾರೂ ಇಲ್ಲ ಒಡೆಯಾ. ನಾನೊಬ್ಬನೇ.”

ಕಿಣಿಯವರು ಕನ್ನಡಕ ತೆಗೆದರು. “ತಾಯಿ ಇದ್ದಳಲ್ಲೋ?”

“ಯಾರೂ ಇಲ್ಲ.”

“ಅಯ್ಯೋ ದೇವರೇ. ಯಾವಾಗ ಆಯಿತೋ ಇದು? ಹೋಗು, ಮನೆಗೆ ಹೋಗು. ಸೂತಕದಲ್ಲಿ ಸಮುದ್ರ ದಾಟಬಾರದು. ಕಾರ್ಯವೆಲ್ಲ ಮುಗಿಸಿಕೊಂಡು ಬಾ.”

ಅವನಿಗಿಂತ ಮೊದಲು ಸುದ್ದಿ ಕೇರಿ ಮುಟ್ಟಿತು. ಗಂಡಸರು ಬಿದಿರು ಕಡಿದು ತಂದರು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಬಂದರೆ, ಬುದವಂತಿ ಒಲೆಯ ಮುಂದೆ ಕೂತು ಗಂಜಿ ಕಲಕುತ್ತಿದ್ದಾಳೆ.

ಮಾದೇವಿ ಅಳುತ್ತಲೇ ಕೂತಳು. “ನೀನು ಸತ್ತೆಯಂತೆ ಅತ್ತಿಗೆ.”

“ಯಾರು ಹೇಳಿದರು?”

“ನಿನ್ನ ಮಗನೇ.”

“ಹಾಗಿದ್ದರೆ ಗಂಜಿಯಾದರೂ ಕುಡಿದು ಹೋಗಿ. ಸತ್ತ ಮೇಲೆ ಯಾರೂ ಬಡಿಸುವುದಿಲ್ಲ.”

ಅತ್ತವರೆಲ್ಲ ನಕ್ಕರು. ತಂದ ಬಿದಿರು ದಂಡವಾಗದಿರಲಿ ಎಂದು ಮೀನು ಒಣಗಿಸುವ ಚಪ್ಪರಕ್ಕೆ ಕಟ್ಟಿಕೊಟ್ಟು ಹೋದರು. ಬುದವಂತಿಯೂ ನಕ್ಕಿದ್ದಳು. ಆದರೆ ಎಲ್ಲರ ನಡುವೆ ಅವಳು ಮಗನನ್ನೇ ನೋಡುತ್ತಿದ್ದಳು. ಅವನು ಮೂಲೆಯಲ್ಲಿ ನಿಂತು ಬಂದವರನ್ನೆಲ್ಲ ಕೇಳುತ್ತಿದ್ದ, “ಯಾರು ಸತ್ತದ್ದು? ನಾನೇನು ಮಾಡಬೇಕು?” ನಾಳೆಯೂ ಹೀಗೇ. ಇದೇ ಮೂಲೆ, ಇದೇ ಪ್ರಶ್ನೆ. ಆ ದಿನ ಇವಳು ಗಂಜಿ ಕಲಕುತ್ತಿರುವುದಿಲ್ಲ.

ಜನ ಹೋದ ಮೇಲೆ ಹತ್ತಿರ ಕೂರಿಸಿಕೊಂಡು ಕೇಳಿದಳು. “ನಾನು ಸತ್ತರೆ ಏನು ಮಾಡುತ್ತೀ ಮಗಾ?”

“ನೀನು ಹೇಳಿದ ಹಾಗೆ ಮಾಡುತ್ತೇನೆ.”

“ಸತ್ತವಳು ಹೇಗೋ ಹೇಳಲಿ?”

ಹಮ್ಮಣ್ಣ ಯೋಚಿಸಿದ. “ನೀನು ಇದ್ದಲ್ಲಿಗೇ ಬಂದು ಕೇಳುತ್ತೇನೆ.”

ತಾಯಿಗೆ ಈ ಸಲ ಹಣೆ ಬಡಿದುಕೊಳ್ಳಲು ಕೈ ಏಳಲಿಲ್ಲ. “ಬೇಡ. ಎಲ್ಲಿಗೂ ಬಂದು ಕೇಳಬೇಡ. ಆ ಕೋಣೆಯೊಂದನ್ನು ಹಿಡಿ. ಹಿಡಿದು ಬಂದು ‘ಆಯಿತು ಅವ್ವಿ’ ಅಂತ ಒಂದು ಮಾತು ಹೇಳು. ಆ ಮಾತು ಕೇಳಿದ ಕೂಡಲೇ ನೆಮ್ಮದಿಯಾಗಿ ಸಾಯುತ್ತೇನೆ.”

ಹಮ್ಮಣ್ಣ ಹೂಂ ಅನ್ನಲಿಲ್ಲ. ಅವಳು ಅದನ್ನು ಗಮನಿಸಲಿಲ್ಲ.

ಮತ್ತೆ ಹೋದ. ಮತ್ತೆ ಬಂದ.

“ಏನಾಯಿತು?”

“ಆಗಲಿಲ್ಲ.”

“ಏನು ತಪ್ಪು ಮಾಡಿದೆ?”

“ಏನೂ ಇಲ್ಲ.”

“ಕಿಣಿಯವರು ಬೈದರೋ?”

“ಇಲ್ಲ.”

ತಪ್ಪು ತಿಳಿದರೆ ಬುದ್ಧಿ ಹೇಳಬಹುದು. ತಪ್ಪೇ ಇಲ್ಲವೆಂದರೆ ಏನು ಹೇಳುವುದು? ಸುಮ್ಮನೆ ಹೇಳಿದಳು, ನೆಟ್ಟಗೆ ನಿಲ್ಲು, ಗಟ್ಟಿಯಾಗಿ ಮಾತಾಡು, ಮೂಗು ಒರೆಸಿಕೊಂಡು ಹೋಗು. ಅವನು ನೆಟ್ಟಗೆ ನಿಂತ, ಮೂಗು ಒರೆಸಿಕೊಂಡು ಹೋದ, ತಿರುಗಿ ಬಂದು ಗಟ್ಟಿಯಾಗಿ ಹೇಳಿದ, “ಆಗಲಿಲ್ಲ.” ಒಂದು ಹಡಗು ಹೋಯಿತು. ಇನ್ನೊಂದು ಹೋಯಿತು. ಬುದವಂತಿಗೆ ಎದ್ದು ಕೂರುವುದೂ ಕಷ್ಟವಾಯಿತು. ಪಡುವಣದಲ್ಲಿ ಮೋಡ ಕಟ್ಟತೊಡಗಿತು. ಅವಳು ಮಾತ್ರ ದಿನಾ ಬೆಳಿಗ್ಗೆ ಅವನ ತಲೆ ಬಾಚಿ ಕಳಿಸಿದಳು, ಮಲಗಿದ್ದಲ್ಲಿಂದಲೇ. ಅವನು ಮೊಣಕಾಲೂರಿ ತಲೆ ಕೊಡುತ್ತಿದ್ದ.

ಕೊನೆಯ ಹಡಗು ಬಂದು ನಿಂತ ದಿನ ಕಿಣಿಯವರೇ ಕೊಡೆ ಹಿಡಿದು ಓಣಿಗೆ ಬಂದರು. ಅಂಗಳದಿಂದಲೇ ಕೂಗಿದರು, “ಏ ಬುದವಂತಿ, ಏನು ತಾಯಿಮಗನ ಆಟ ಇದು? ನಿನ್ನ ಮಗ ಕೋಣೆ ಹಿಡಿದು…”

ಅಷ್ಟು ಕೇಳಿದ್ದೇ ಹಮ್ಮಣ್ಣ ಒಂದೇ ನೆಗೆತಕ್ಕೆ ಒಳಗೆ ಹಾರಿ ಬಂದು, ಮಲಗಿದ್ದ ತಾಯಿಯ ಎರಡು ಕಿವಿಗಳನ್ನೂ ಎರಡು ಅಂಗೈಯಿಂದ ಒತ್ತಿ ಹಿಡಿದ. ಕಿಣಿಯವರ ಬಾಯಿ ಆಡುವುದು ಅವಳಿಗೆ ಕಂಡಿತು, ಮಾತು ಕೇಳಲಿಲ್ಲ. ಮಗನ ಕೈ ಬಿಡಿಸಲು ನೋಡಿದಳು. ದೋಣಿ ಎಳೆಯುವ ಕೈ, ಬಿಡಿಸಲಾಗಲಿಲ್ಲ. ಕೊನೆಗೆ ಅವನ ಕೈ ಮೇಲೆ ತನ್ನ ಕೈ ಇಟ್ಟು ಸುಮ್ಮನೆ ಸವರಿದಳು. ಆಗ ಹಿಡಿತ ಸಡಿಲವಾಯಿತು.

“…ಎರಡು ಹಾಸಿಗೆಯ ಕೋಣೆ. ಒಬ್ಬನಾದರೂ ಸರಿ, ಇಬ್ಬರಾದರೂ ಸರಿ, ಪೂರ್ತಿ ಕೋಣೆ ತೆಗೆದುಕೊಳ್ಳಬೇಕು ಅಂದೆ. ಆಗಲಿ ಒಡೆಯಾ ಅಂದ. ಹೆಸರು ಹೇಳಿದ, ಊರು ಹೇಳಿದ, ಒಂದಾದರೂ ತಪ್ಪಿದ್ದರೆ ಕೇಳು. ಆಮೇಲೆ ಹಡಗು ಹತ್ತುವ ಹೊತ್ತಿಗೆ ನೋಡಿದರೆ ಆಸಾಮಿ ನಾಪತ್ತೆ. ಎರಡು ಹಡಗು ಖಾಲಿ ಕೋಣೆ ಹೊತ್ತುಕೊಂಡು ಹೋದವು. ಇವತ್ತಿನದು ಬಿಟ್ಟರೆ ಮಳೆಗಾಲ ಮುಗಿಯುವವರೆಗೆ ಹಡಗಿಲ್ಲ, ತಿಳಿಯಿತೇ?”

ಬುದವಂತಿ ಮಗನನ್ನು ನೋಡಿದಳು. “ಕೋಣೆ ಸಿಕ್ಕಿತ್ತೇ?”

“ಕೇಳಬೇಡ ಅವ್ವಿ.”

“ಮತ್ತೆ ಆಗಲಿಲ್ಲ ಅಂದೆ?”

“ಆಯಿತು ಅಂದರೆ ಸಾಯುತ್ತೇನೆ ಅಂದಿದ್ದೆಯಲ್ಲ. ಅದಕ್ಕೇ ಹೇಳಲಿಲ್ಲ.” ಅವನು ತಾಯಿಯ ಮುಖವನ್ನೇ ನೋಡುತ್ತಾ ಕೇಳಿದ, “ಈಗ ಕೇಳಿಬಿಟ್ಟೆಯಲ್ಲ. ಸಾಯುತ್ತೀಯೇನು?”

ಕಿಣಿಯವರು ಕೊಡೆ ಮಡಚಿ ಬೇರೆ ಕಡೆ ನೋಡಿದರು.

ಹೆತ್ತಾಗಿನಿಂದ ಅವನಿಗೆ ಬುದ್ಧಿ ಹೇಳಿ ಹೇಳಿ ಸೋತವಳು, ಅವನು ತಾನಾಗಿ ಮಾಡಿದ ಒಂದೇ ಉಪಾಯವನ್ನು ಆ ದಿನ ಕಂಡಳು. ಬೈಯಲೇ, ಹೊಗಳಲೇ ತಿಳಿಯಲಿಲ್ಲ. ಅಪ್ಪಿಕೊಂಡಳು. ಅಪ್ಪಿಕೊಂಡು, ಹೇಗಾದರೂ ಇವನನ್ನು ಹಡಗು ಹತ್ತಿಸಬೇಕಲ್ಲ ಎಂದು, ಜನ್ಮದಲ್ಲಿ ಒಂದೇ ಒಂದು ಪೆದ್ದುಮಾತು ಆಡಿದಳು.

“ಇಲ್ಲ ಮಗಾ, ಸಾಯುವುದಿಲ್ಲ. ನೀನು ಹೋಗು. ಮಾವ ಹೇಳಿದ ಹಾಗೆ ಕೇಳಿಕೊಂಡಿರು. ನೀನು ತಿರುಗಿ ಬಂದು, ಈ ಹೊಸ್ತಿಲ ಮೇಲೆ ನಿಂತು, ‘ಅವ್ವಿ, ಬಂದೆ’ ಅನ್ನುವವರೆಗೂ ನಾನು ಸಾಯುವುದಿಲ್ಲ. ನಿನ್ನಾಣೆ.”

“ನನ್ನಾಣೆ?”

“ನಿನ್ನಾಣೆ.”

ಹಮ್ಮಣ್ಣನ ಮುಖ ಅರಳಿತು. ಗಂಟು ಎತ್ತಿಕೊಂಡು ನಡೆದ. ಹಿಂದೆ ನೋಡು ಎಂದು ಯಾರೂ ಹೇಳಿರಲಿಲ್ಲ, ನೋಡಲಿಲ್ಲ. ಹಡಗು ಹತ್ತಿದ, ಕೋಣೆ ಸೇರಿದ, ಚಿಲಕ ಹಾಕಿಕೊಂಡ. ಬುದವಂತಿ ಮಲಗಿದಲ್ಲೇ ಭೋಂಗಾ ಕೇಳಿ, “ಹೋದ” ಎಂದಳು.

ಆಷಾಢದ ಮಳೆಯಲ್ಲಿ ಅವಳು ತೀರಿಕೊಂಡಳು. ಮತ್ತೆ ಬಿದಿರು ಕಡಿದು ತಂದರು. ಗಂಜಿ ಬಡಿಸುವವರಿರಲಿಲ್ಲ.

ಬೊಂಬಾಯಿಗೆ ಸುದ್ದಿ ಮುಟ್ಟಿದಾಗ ತುಳಸು ಒಲೆ ಬಿಟ್ಟು ಬಂದು ಸೋದರಳಿಯನ ಹೆಗಲು ಹಿಡಿದು ಅತ್ತ. ಹಮ್ಮಣ್ಣ ಪಾತ್ರೆ ತಿಕ್ಕುತ್ತಲೇ ನಕ್ಕ. “ಅದು ಹೇಗೆ ಸಾಯುತ್ತಾಳೆ ಮಾವಾ? ನಾನಿನ್ನೂ ಹೋಗಿ ‘ಬಂದೆ’ ಅಂದಿಲ್ಲವಲ್ಲ. ಹಿಂದೊಮ್ಮೆಯೂ ಹೀಗೇ ಜನ ಅತ್ತುಕೊಂಡು ಬಂದಿದ್ದರು. ಅವಳು ಗಂಜಿ ಕಲಕುತ್ತಿದ್ದಳು.”

ತುಳಸು ಬೈದ, ತಿಳಿಸಿ ಹೇಳಿದ, ತಲೆ ಬೋಳಿಸಿಕೋ ಅಂದ. ಬೋಳಿಸಿಕೊಂಡ. ಸ್ನಾನ ಮಾಡು ಅಂದ. ಮಾಡಿದ. ಅಳು ಅಂದ. “ಯಾಕೆ?” ಎಂದು ಕೇಳಿದ.

ಆಮೇಲೆ ಪ್ರತಿವರ್ಷ, ಮಳೆ ನಿಂತು ಹಡಗು ಶುರುವಾದ ಕೂಡಲೇ, ಹಮ್ಮಣ್ಣ ಬೊಂಬಾಯಿಯ ಹಡಗುಕಟ್ಟೆಗೆ ತಾನೊಬ್ಬನೇ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದ. ಈಗ ಒಂದು ಮಾತೂ ತಪ್ಪುತ್ತಿರಲಿಲ್ಲ. ಹೆಸರು, ಹಮ್ಮಣ್ಣ. ಊರು, ಅಳಿವೆಕೇರಿ. ಒಬ್ಬನಿಗೆ ಒಂದು ಕೋಣೆ.

“ಹಾಸಿಗೆ ಎರಡಿರುತ್ತದಲ್ಲಪ್ಪ” ಅನ್ನುತ್ತಿದ್ದರು ಗುಮಾಸ್ತರು.

“ಗೊತ್ತು. ಇನ್ನೊಂದು ಅವ್ವಿಯದು. ಅವಳು ಊರಲ್ಲಿದ್ದಾಳೆ.”

ಹಡಗು ಇಲ್ಲಿ ಬಂದು ನಿಲ್ಲುತ್ತಿತ್ತು. ದೋಣಿಗಳು ಹೋಗುತ್ತಿದ್ದವು. ಅವನು ಮೇಲಿನಿಂದ ಒಂದು ಗಂಟು ಇಳಿಬಿಡುತ್ತಿದ್ದ: ಒಂದು ಸೀರೆ, ಕವಳದ ಹೊಗೆಸೊಪ್ಪು, ಕೆಮ್ಮಿಗೆ ಕಲ್ಲುಸಕ್ಕರೆ. “ಅವ್ವಿಗೆ ಕೊಡಿ. ಮನೆಯ ಮಾಡಿನ ಹುಲ್ಲು ಹಾರಿದೆ, ಹೊದೆಸಲು ಹೇಳಿ.” ಮಾಡು ಎಲ್ಲಿತ್ತು? ಗೋಡೆಯೇ ಅರ್ಧ ಕುಸಿದಿತ್ತು. “ಇಳಿಯೋ ಹಮ್ಮಣ್ಣಾ” ಎಂದು ಎಲ್ಲರೂ ಕರೆಯುತ್ತಿದ್ದರು. “ಇಳಿದರೆ ಮನೆಗೆ ಹೋಗುತ್ತೇನೆ. ಮನೆಗೆ ಹೋದರೆ ಬಂದೆ ಅನ್ನುತ್ತೇನೆ” ಅನ್ನುತ್ತಿದ್ದ. ಆಮೇಲೆ ಆ ಮಾತು ತನ್ನಷ್ಟಕ್ಕೆ ಎಲ್ಲಿ ಜಾರಿಬಿಡುತ್ತದೋ ಎಂದು ಎರಡು ಕೈಯಿಂದಲೂ ಬಾಯಿ ಮುಚ್ಚಿಕೊಂಡು, ಹಡಗು ತಿರುಗಿ ಕೇರಿ ಮರೆಯಾಗುವವರೆಗೂ, ಮನೆಯ ಕಡೆಗೇ ನೋಡುತ್ತಾ ನಿಂತಿರುತ್ತಿದ್ದ.

ಸೋಮಿಯ ಕೈಯಲ್ಲಿ ಬಲೆ ನಿಂತಿತ್ತು.

“ಅಜ್ಜಾ,” ಎಂದಳು, “ನೀನು ಪಂಚೆ ಬೀಸದೆ ಹಡಗು ಹೊರಡುತ್ತಿರಲಿಲ್ಲ ಅಂದೆಯಲ್ಲ. ಬೀಸದೆ ನಿಲ್ಲಿಸಿಕೊಂಡು, ಅವನನ್ನು ಹೇಗಾದರೂ ಇಳಿಸಿ ತರಬಹುದಿತ್ತಲ್ಲ?”

ನಾನು ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡೆ.

“ತರಬಹುದಿತ್ತು” ಅಂದೆ. “ಆಮೇಲೆ ಬುದವಂತಿ ಸಾಯುತ್ತಿದ್ದಳಲ್ಲ.”