ಏಳದವ್ವನ ಬಾವಿ

ಕರೇಬಂಡಿ ಊರಿನ ಮೂಡಣ ಅಂಚಿನಲ್ಲಿರುವ ಮೆಟ್ಟಿಲಬಾವಿಯನ್ನು ನೋಡಲು ಇಂದು ದೂರದೂರದಿಂದ ಜನ ಬರುತ್ತಾರೆ. ಕೆಳಗಿಳಿದರೆ ಗೋಡೆಯ ತುಂಬ ಆನೆಗಳು, ಹಂಸಗಳು, ಜಡೆ ಹೆಣೆದುಕೊಳ್ಳುವ ಹೆಂಗಳೆಯರು. ಅವನ್ನೆಲ್ಲ ತೋರಿಸಿ ಕಥೆ ಹೇಳುವವರು ಕುಂಬಾರ ಓಣಿಯ ಹೆಂಗಸರು. ಬಂದವರಿಗೆ ರೊಟ್ಟಿ ಬಡಿದು ಬಡಿಸುವವರೂ ಅವರೇ. ಓಣಿಯ ಒಲೆ ಉರಿಯುವುದು ಇದರಿಂದಲೇ. ಶಾಸನದಲ್ಲಿ ಬಾವಿಗೆ ಯಾವುದೋ ರಾಣಿಯ ಹೆಸರಿದೆ, ಇರಲಿ ಬಿಡಿ. ಊರವರ ಬಾಯಲ್ಲಿ ಅದು ಏಳದವ್ವನ ಬಾವಿ.

ಹಿಂದೆ ಒಮ್ಮೆ, ದೇಸಗತಿಯ ಕಾಲದಲ್ಲಿ, ಈ ಓಣಿಯಲ್ಲಿ ಹುಲಿಗೆವ್ವ ಎಂಬವಳಿದ್ದಳಂತೆ. ಬಾವಿ ನೋಡಲು ಬಂದ ಯಾತ್ರಿಕರಿಗೆ ಓಣಿಯವರು ನೀರು ಕೊಟ್ಟು, ಚಿತ್ರ ತೋರಿಸಿ, ಅವರು ಕೊಟ್ಟ ಕಾಳುಕಡಿಯಲ್ಲಿ ಉಣ್ಣುತ್ತಿದ್ದರು. ಇದು ಸೀಮೆಯನ್ನಾಳುತ್ತಿದ್ದ ದೇಸಾಯಿಯ ಕಣ್ಣಿಗೆ ಬಿತ್ತು. ಬಾವಿಗೆ ಕಾವಲು ಹಾಕಿ, ಕಾಣಿಕೆಯೆಲ್ಲ ಇನ್ನು ತನ್ನ ವಾಡೆಗೇ ಬರಲಿ ಎಂದ. ನೆರೆಸೀಮೆಯ ದೊರೆ ಬಾವಿ ನೋಡಲು ಬರುವುದು ಗೊತ್ತಾದಾಗ, ಮೈಗೆ ಮಣ್ಣು ಮೆತ್ತಿದ ಮಂದಿ ಅಲ್ಲಿ ಕಾಣಕೂಡದು ಎಂದು ಡಂಗುರವನ್ನೂ ಸಾರಿಸಿದ. ಹುಲಿಗೆವ್ವನ ಮೈಯೆಲ್ಲ ಉರಿದುಹೋಯಿತು. ವರ್ಷವರ್ಷವೂ ಬಾವಿಯ ಹೂಳೆತ್ತಲು ಬೇಕಾದ ಓಣಿಯವರು ಕಾಳು ಉಣ್ಣಲು ಬೇಡವಾದರೇ! ದೊರೆ ಬರುವ ದಿನ ಅವಳು ತುಂಬಿದ ಕೊಡ ಮುಂದಿಟ್ಟುಕೊಂಡು ಮೇಲಿನ ಮೆಟ್ಟಿಲಿಗೆ ಅಡ್ಡವಾಗಿ ಕೂತುಬಿಟ್ಟಳು. ತುಂಬಿದ ಕೊಡವನ್ನು ದಾಟಿದವನ ಮನೆ ಬರಿದಾಗುತ್ತದೆ ಎನ್ನುತ್ತಾರೆ ಆ ಸೀಮೆಯಲ್ಲಿ. ಕಾವಲಿನವರು ಹಿಂಜರಿದು ನಿಂತರು.

ದೊರೆಯ ಎದುರಿನಲ್ಲೇ ದೇಸಾಯಿ ಗುಡುಗಿದ: “ಏಳ್ತೀಯೋ ಇಲ್ಲೋ, ಹುಲಿಗೀ?”

“ಏಳೂದಿಲ್ರೀ ಧಣಿ. ಬಾವಿ ತೋರ್ಸೂದು ನಮ್ಮ ಓಣಿ ಹಕ್ಕು, ಬಂದ ಕಾಳೂ ನಮ್ಮ ಓಣೀದು. ಹೌದಂದ್ರ ಕೊಡ ಎತ್ತತೀನಿ.”

ಸಿಟ್ಟು ನೆತ್ತಿಗೇರಿದ ದೇಸಾಯಿ ಕೊಡವನ್ನು ಒದ್ದ, ಅದು ಚೂರುಚೂರಾಯಿತು. ಹುಲಿಗೆವ್ವ ಅಲುಗಲಿಲ್ಲ. ಓಣಿಯ ಇನ್ನೊಬ್ಬಳು ಬಂದು, ಮತ್ತೊಂದು ತುಂಬಿದ ಕೊಡವಿಟ್ಟು, ಪಕ್ಕದಲ್ಲಿ ಕೂತಳು. ಅದನ್ನೂ ಒದ್ದರೆ ಮಗದೊಬ್ಬಳು ಬಂದಳು. ಕುಂಬಾರ ಓಣಿಯಲ್ಲಿ ಕೊಡಕ್ಕೆ ಬರವೇ? ಒದ್ದೂ ಒದ್ದೂ ದೇಸಾಯಿಯ ಕಾಲೇ ಊದಿತು ಎಂದು ಊರವರು ಈಗಲೂ ನಗುತ್ತಾರೆ. ಕೊನೆಗೆ ದೊರೆಯೇ ಪಾದರಕ್ಷೆ ಕಳಚಿ, ಹುಲಿಗೆವ್ವನೆದುರು ನೆಲದ ಮೇಲೆ ಕೂತು, “ನೀರು ಕೊಡವ್ವಾ, ನಿನ್ನ ಬಾವಿ ನೀನೇ ತೋರಿಸು” ಎಂದನಂತೆ. ಅತಿಥಿಗೆ ಎದುರಾಡಲಾಗದೆ ದೇಸಾಯಿ ಓಣಿಯ ಹಕ್ಕನ್ನು ಅಲ್ಲೇ ಒಪ್ಪಿಕೊಂಡ. ಅಂದಿನಿಂದ ಹುಲಿಗೆವ್ವ ಏಳದವ್ವಳಾದಳು.

ಇಂದಿಗೂ ಮೇಲಿನ ಮೆಟ್ಟಿಲ ಮೇಲೆ ಓಣಿಯ ಹೆಂಗಸೊಬ್ಬಳು ಕೊಡವಿಟ್ಟುಕೊಂಡು ಕೂತಿರುತ್ತಾಳೆ. ಮಂತ್ರಿ ಬರಲಿ, ಸಾಹೇಬರು ಬರಲಿ, ಟಿಕೆಟ್ಟಿನ ಗುತ್ತಿಗೆ ಕೇಳುವ ಸಾಹುಕಾರ ಬರಲಿ, ಅವಳು ಏಳುವುದಿಲ್ಲ. “ಕುಂದರ್ರಿ” ಎನ್ನುತ್ತಾಳೆ. ಅವರೇ ಕೂರುತ್ತಾರೆ.