ಬೂಟಿನೊಳಗಿನ ಕಲ್ಲು

ನರ್ಸರಿಯ ಅಂಗಳದಲ್ಲಿ ಆಡುತ್ತಿದ್ದ ಧೃತಿಯ ಬೂಟಿನೊಳಗೆ ಒಂದು ಕಲ್ಲು ಸೇರಿಕೊಂಡಿತು. ಅವಳು ಕುಂಟುತ್ತಾ ಅತ್ತಳು.

"ಹೊರಗೆ ನಡೆ," ಎಂದಿತು ಬೂಟು.

"ಯಾಕೆ ಹೋಗಲಿ? ಇವಳ ಬೂಟು ಬಿಚ್ಚುವುದು ಇವಳಮ್ಮ. ಅಮ್ಮ ಬರುವುದು ಮಧ್ಯಾಹ್ನ. ಅಲ್ಲಿಯವರೆಗೆ ಇಲ್ಲಿ ನಾನೇ ದೊರೆ," ಎಂದು ಕಲ್ಲು ಇನ್ನಷ್ಟು ಚುಚ್ಚಿತು.

ಬೂಟು ಧೃತಿಗೆ ಹೇಳಿತು: "ಅಳು ಸಾಕು, ಮಗೂ. ನೆಟ್ಟಗೆ ಕುಳಿತುಕೋ. ಪಟ್ಟಿ ಬಿಚ್ಚು. ಮುಂದೆ ಹಿಡಿದು ಎಳೆಯಬೇಡ, ಹಿಮ್ಮಡಿಯ ಹತ್ತಿರ ಬೆರಳು ಹಾಕಿ ತಳ್ಳು."

ಧೃತಿ ಎರಡು ಸಲ ಸೋತಳು. ಮೂರನೆಯ ಸಲ ಬೂಟು ಕಳಚಿತು, ಕಲ್ಲು ಉರುಳಿತು. ಆ ಹುರುಪಿನಲ್ಲಿ ಇನ್ನೊಂದನ್ನೂ ಬಿಚ್ಚಿದಳು. ಎರಡನ್ನೂ ಅದಲುಬದಲಾಗಿ ಹಾಕಿಕೊಂಡು ಜಾರುಬಂಡೆಗೆ ಓಡಿದಳು.

"ಅಯ್ಯೋ, ಎಡದ್ದು ಬಲಕ್ಕೆ!" ಎಂದು ಕಲ್ಲು ನಕ್ಕಿತು.

"ಅದನ್ನು ನಾಳೆ ಕಲಿಯುತ್ತಾಳೆ," ಎಂದಿತು ಬೂಟು. "ನೀನು ಬೂಟು ಬಿಚ್ಚಲು ಬಾರದ ಬೇರೆ ಯಾರನ್ನಾದರೂ ಇವತ್ತೇ ಹುಡುಕಿಕೋ."