ಅಡಗಿಸಿದ ಸದ್ದು

“ಗುರುಗಳೇ, ನಿಜ ಹೇಳಿ ಒಬ್ಬನ ಎದೆ ಒಡೆಯುವುದಕ್ಕಿಂತ, ಹೇಳದೆ ಅವನ ನೆಮ್ಮದಿ ಉಳಿಸುವುದು ಮೇಲಲ್ಲವೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಘಟ್ಟದ ಕೆಳಗಿನ ಪೇಟೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಕೆಲಸದಲ್ಲಿ ನಿಪುಣ, ಮನಸ್ಸು ಬಲು ಮೆತ್ತಗೆ. ಎದುರಿಗಿದ್ದವರ ಮುಖ ಬಾಡಿದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಘಟ್ಟದ ಮೇಲಿನ ಊರಿನ ಮುದಿ ಚಾಲಕನೊಬ್ಬ ತನ್ನ ಹಳೆಯ ಬಾಡಿಗೆ ಕಾರನ್ನು ಅವನ ಬಳಿಗೆ ತಂದ. ಹಿಂದೆ ಮುಂದೆ ಯಾರೂ ಇಲ್ಲದವನಿಗೆ ಆ ಕಾರೇ ಸಂಸಾರ. ಊರಿನಲ್ಲಿ ಯಾರು ಕಾಯಿಲೆ ಬಿದ್ದರೂ ಆಸ್ಪತ್ರೆಗೆ ಕರೆತರುತ್ತಿದ್ದವನು ಅವನೇ. ಇಂಜಿನ್ ಆಯಿಲನ್ನು ತಪ್ಪದೆ ಬದಲಿಸುತ್ತಿದ್ದ. ಗೇರ್‌ಬಾಕ್ಸಿನ ಆಯಿಲನ್ನೂ ಬದಲಿಸಬೇಕೆಂಬುದು ಮಾತ್ರ ಅವನಿಗೆ ಎಂದೂ ಹೊಳೆದಿರಲಿಲ್ಲ.

“ಗೇರ್‌ಬಾಕ್ಸ್ ಒಂದೇ ಸಮ ಊಳಿಡುತ್ತದಪ್ಪ. ಹತ್ತಿದವರು ಹೆದರುತ್ತಾರೆ. ಹೇಗಾದರೂ ಮಾಡಿ ಆ ಸದ್ದೊಂದು ನಿಲ್ಲಿಸಿಕೊಡು,” ಎಂದ.

ಮೆಕ್ಯಾನಿಕ್ ಕಾರಿನಡಿ ಮಲಗಿ ಗೇರ್‌ಬಾಕ್ಸಿನ ತಳದ ಬೋಲ್ಟ್ ಬಿಚ್ಚಿದ. ಡಾಂಬರಿನಂತೆ ಕಪ್ಪಾದ ಆಯಿಲ್ ಇಳಿಯಿತು. ಅಂಗೈಯಲ್ಲಿ ಹಿಡಿದು ನೋಡಿದರೆ ಅದರ ತುಂಬ ಲೋಹದ ಚೂರು. ಒಳಗಿನ ಹಲ್ಲುಗಳು ಸವೆದುಹೋಗಿದ್ದವು. ಆ ಕಾರು ಇನ್ನು ಘಟ್ಟ ಇಳಿಯಬಾರದಿತ್ತು. ಹೇಳಿಬಿಡಬೇಕೆಂದು ಎದ್ದು ಬಂದ. ಮುದುಕ ಹೆಗಲ ಮೇಲಿನ ಟವೆಲಿನಿಂದ ಕಾರಿನ ಗಾಜು ಒರೆಸುತ್ತ ನಿಂತಿದ್ದ. ಆ ಮುಖ ಬಾಡಿಸಲು ಮೆಕ್ಯಾನಿಕ್ಕಿಗೆ ಮನಸ್ಸು ಬರಲಿಲ್ಲ. ಹಿಂದಿರುಗಿ, ಆ ಕಾರಿಗೆ ಹಾಕಬೇಕಾದ್ದಕ್ಕಿಂತ ದಪ್ಪನೆಯ ಆಯಿಲ್ ತುಂಬಿದ. ಸದ್ದು ಅಡಗಿತು.

“ಸರಿಹೋಯಿತೇ?”

“ಸರಿಹೋಯಿತು, ಅಜ್ಜ.”

ಮುದುಕ ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಪುಣ್ಯದ ಕೆಲಸ ಮಾಡಿದೆನೆಂದೇ ಮೆಕ್ಯಾನಿಕ್ ನಂಬಿದ.

ಇಪ್ಪತ್ತು ದಿನ ಕಳೆದವು. ತುಂಬು ಗರ್ಭಿಣಿಯೊಬ್ಬಳನ್ನೂ ಅವಳ ಗಂಡನನ್ನೂ ಕೂರಿಸಿಕೊಂಡು ಮುದುಕ ಘಟ್ಟ ಇಳಿಯುತ್ತಿದ್ದ. ನಡು ಇಳಿಜಾರಿನಲ್ಲಿ ಗೇರು ತಾನಾಗಿಯೇ ಕಳಚಿಕೊಂಡಿತು. ಎಷ್ಟು ಎಳೆದಾಡಿದರೂ ಮತ್ತೆ ಬೀಳಲಿಲ್ಲ. ತುಳಿದೂ ತುಳಿದೂ ಬ್ರೇಕು ಕಾದು ಸೋತಿತು. ಕಾರು ತಿರುವು ದಾಟಿ ಕಣಿವೆಗೆ ಉರುಳಿತು. ಬದುಕಿ ಉಳಿದವನು ಗಂಡನೊಬ್ಬನೇ.

ಹದಿಮೂರು ದಿನ ಮುಗಿಸಿ ಅವನು ಮೆಕ್ಯಾನಿಕ್ಕಿನ ಬಳಿಗೆ ಬಂದ. “ಊರಿನಲ್ಲಿ ಜೀಪೂ ಇತ್ತು,” ಎಂದ. “ಆ ಕಾರು ಮೊದಲಿನಂತೆ ಊಳಿಡುತ್ತಿದ್ದರೆ ನಾವು ಹತ್ತುತ್ತಲೇ ಇರಲಿಲ್ಲ. ನೀವು ಸರಿಮಾಡಿದ್ದೀರೆಂದು ಅಜ್ಜ ಹೇಳಿದ, ಹತ್ತಿದೆವು. ನಿಮ್ಮ ತಪ್ಪೇನಿದೆ ಬಿಡಿ, ಹಳೇ ಗಾಡಿ.”

ಮೆಕ್ಯಾನಿಕ್ ಬಾಯಿ ತೆರೆದ. “ಎಲ್ಲ ವಿಧಿ” ಎಂಬುದಷ್ಟೇ ಹೊರಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕಾದು ನೋಡಿ, “ಹಾಗಾದರೆ ಅವನಿಗೆ ಶಿಕ್ಷೆಯೇ ಆಗಲಿಲ್ಲವೇ?” ಎಂದ.

ಗುರುಗಳೆಂದರು: “ಘಟ್ಟದ ಮೇಲಿನವರು ಇಂದಿಗೂ ಅವನೊಬ್ಬನನ್ನೇ ನಂಬಿ ತಮ್ಮ ಗಾಡಿಗಳನ್ನು ತರುತ್ತಾರೆ.”